ಬರದ ಕಲ್ಲು ಓದಿಸಿದ ದಿನ

ಒಂದು ಕಲ್ಲನ್ನು ಓದಿಸಲು ನಮಗೆ ಎಷ್ಟು ಖರ್ಚು ಬಿತ್ತು ಎಂದು ಮೊದಲೇ ಹೇಳಿಬಿಡುತ್ತೇನೆ. ಕೊಪ್ಪಳದಿಂದ ಹೋಗಿಬರಲು ಒಂದು ಜೀಪಿನ ಬಾಡಿಗೆ, ಅಚ್ಚು ತೆಗೆಯುವ ಕಾಗದ, ಒಂದು ಡಬ್ಬಿ ಮಸಿ, ಓದುವವರಿಗೆ ಒಂದು ಊಟ. ಅವರು ದುಡ್ಡು ಮುಟ್ಟಲಿಲ್ಲ. ಹೊಸ ಟವೆಲು ಹೊದಿಸಿದೆ, ಬೇಡ ಬೇಡ ಎನ್ನುತ್ತಲೇ ಹೊದ್ದುಕೊಂಡರು. ಎಲ್ಲ ಸೇರಿಸಿದರೂ ನನ್ನ ಗೋಣಿಚೀಲದ ವ್ಯಾಪಾರದ ಒಂದು ಒಳ್ಳೆಯ ವಾರದ ಗಳಿಕೆಯಷ್ಟೂ ಆಗಲಿಲ್ಲ. ಅಷ್ಟೇ ಖರ್ಚಿನಲ್ಲಿ ನನ್ನ ಅಕ್ಕನ ತೋಟ ಹೋಯಿತು. ಅಗ್ಗದ ಖರ್ಚು ಕಂಡರೆ ನನಗೆ ಈಗಲೂ ಅಂಜಿಕೆ.

ಅದು ಎಪ್ಪತ್ತರ ದಶಕದ ನಡುವಿನ ಮಾತು. ನಾನು ಕುಷ್ಟಗಿ, ಕೊಪ್ಪಳದ ಅಂಗಡಿಗಳಲ್ಲಿ ಖಾಲಿಯಾದ ಚೀಲಗಳನ್ನು ಕೊಂಡು, ಹರಿದವನ್ನು ಹೊಲಿಸಿ, ಗಂಗಾವತಿಯ ಅಕ್ಕಿ ಗಿರಣಿಗಳಿಗೆ ಮಾರುತ್ತಿದ್ದೆ. ಅಪ್ಪ ಬಿಟ್ಟುಹೋದ ಆಸ್ತಿ ಅಂತ ಏನೂ ಇರಲಿಲ್ಲ. ಚೌಕಾಸಿ ಮಾಡುವ ನಾಲಿಗೆ ಒಂದಿತ್ತು, ಅದನ್ನೇ ಬಂಡವಾಳ ಮಾಡಿಕೊಂಡೆ. ಈ ವ್ಯಾಪಾರದಲ್ಲಿ ಕಲಿತ ಮೊದಲ ಪಾಠ ಇದು: ಕಟ್ಟಿದ ಚೀಲದ ಹೊರೆಗೆ ಒಳ್ಳೆಯ ದರ ಬರುತ್ತಿದ್ದರೆ ಹೊರೆಯನ್ನು ಬಿಚ್ಚಬಾರದು. ಬಿಚ್ಚಿದರೆ ತೂತುಗಳ ಲೆಕ್ಕ ಶುರುವಾಗುತ್ತದೆ.

ಅಕ್ಕನನ್ನು ಕೊಟ್ಟಿದ್ದು ಯಲಬುರ್ಗಾ ತಾಲ್ಲೂಕಿನ ಒಂದು ಊರಿಗೆ. ಇಟಗಿಗೆ ಹೋಗುವ ದಾರಿ ಬಿಟ್ಟು ಒಳಗೆ ನಡೆಯಬೇಕು. ಅಲ್ಲೊಂದು ಹಳೆಯ ಕಲ್ಲಿನ ಈಶ್ವರ ಗುಡಿ, ಗುಡಿಯ ಹಿಂದೆ ಕೆರೆ, ಕೆರೆಯ ಕೆಳಗೆ ಸಣ್ಣಸಣ್ಣ ತೋಟಗಳು. ಅದರಲ್ಲೊಂದು ಅಕ್ಕನ ಗಂಡನದು. ಅವಳ ಮಾವ ಬದುಕಿದ್ದಾಗಲೇ ಬಾಯಿಮಾತಿನಲ್ಲಿ ಹಂಚಿಕೊಟ್ಟಿದ್ದ ತುಂಡು. ಉಳ್ಳಾಗಡ್ಡಿ, ಬದನಿ, ಎರಡು ನಿಂಬೆ ಗಿಡ. ಕೆರೆಯ ನೀರು ಕಾಲುವೆಯಲ್ಲಿ ಪಾಳಿಯ ಮೇಲೆ ಬರುತ್ತಿತ್ತು. ಆ ತೋಟದ ಪಾಳಿ ಬೇಸ್ತವಾರ.

ಈ ಪಾಳಿ ಯಾರು ಮಾಡಿದ್ದು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ: "ಬರದ ಕಲ್ಲಿನ್ಯಾಗ ಐತಿ." ಗುಡಿಯ ಮುಂದೆ ಆಳುದ್ದದ ಒಂದು ಕಲ್ಲು ನಿಂತಿತ್ತು. ಮೇಲೆ ಸೂರ್ಯ, ಚಂದ್ರ, ನಡುವೆ ಲಿಂಗ, ಕರುವಿಗೆ ಹಾಲೂಡಿಸುವ ಆಕಳು. ಅದರ ಕೆಳಗೆ ಒತ್ತೊತ್ತಾಗಿ ಅಕ್ಷರ. ಬರೆದ ಕಲ್ಲು ಅಂತ ಅರ್ಥ. ನಮ್ಮ ಕಡೆಯ ಬಾಯಿಯಲ್ಲಿ ಅದು ಬರಗಾಲದ ಕಲ್ಲು ಎಂದೂ ಕೇಳಿಸುತ್ತದೆ. ಓದಿದವರು ಯಾರೂ ಇರಲಿಲ್ಲ. ಆದರೂ ಊರಿಗೆ ಅದೇ ಕೋರ್ಟು. ಬದುವಿನ ಜಗಳವಿರಲಿ, ಕೋಳಿ ಕಳುವಿನ ಮಾತಿರಲಿ, "ಕಲ್ಲು ಮುಟ್ಟಿ ಹೇಳು" ಎಂದರೆ ಸುಳ್ಳುಗಾರ ಕೈ ಹಿಂದೆ ತೆಗೆಯುತ್ತಿದ್ದ. ಅಕ್ಕ ಮದುವೆಯಾಗಿ ಬಂದಾಗಿನಿಂದ ಪ್ರತಿ ಬೇಸ್ತವಾರ ತೋಟಕ್ಕೆ ನೀರು ಬಿಡುವ ಮುಂಚೆ ಆ ಕಲ್ಲಿಗೆ ಒಂದು ತಂಬಿಗೆ ನೀರು ಹಾಕಿ ಕುಂಕುಮ ಇಡುತ್ತಿದ್ದಳು.

ಭಾವ ಜ್ವರದಲ್ಲಿ ಹೋದ. ಮಕ್ಕಳಿರಲಿಲ್ಲ. ತಿಂಗಳ ವಿಧಿಗಳು ಮುಗಿದ ಮೇಲೆ ಅವಳ ಮೈದುನ, ಅಂದರೆ ಭಾವನ ತಮ್ಮ, ಬೇಸ್ತವಾರದ ನೀರನ್ನು ತನ್ನ ಹೊಲಕ್ಕೆ ತಿರುಗಿಸಿಕೊಂಡ. ಗುಡಿಯ ಉಸ್ತುವಾರಿ ನೋಡುತ್ತಿದ್ದವನೂ ಅವನೇ. ದೇವರ ಹೊಲವನ್ನು ಉಳುತ್ತಿದ್ದವನೂ ಅವನೇ. ಕೆಟ್ಟ ಮಾತಾಡುವ ಮನುಷ್ಯನಲ್ಲ. ನಗುನಗುತ್ತಲೇ ನೀರು ತಿರುಗಿಸಿದ.

ಊರು ಕೂಡಿ ಕುಳಿತರೆ ಅದಕ್ಕೆ ನಮ್ಮ ಕಡೆ ದೈವ ಎನ್ನುತ್ತಾರೆ. ದೈವ ಗುಡಿಯ ಕಟ್ಟೆಯ ಮೇಲೆ ಕುಳಿತಿತು. ನಾನೂ ಗಂಗಾವತಿಯಿಂದ ಹೋಗಿ ಕುಳಿತೆ.

"ಪಾಳಿ ಅಣ್ಣಂದು. ಅಣ್ಣ ಹೋಗ್ಯಾನ. ಪಾಳಿ ಮನಿಗೆ ತಿರುಗಿ ಬಂದೈತಿ," ಎಂದ ಮೈದುನ.

"ಪಾಳಿ ನಿಮ್ಮಣ್ಣಂದಲ್ಲ, ತೋಟದ್ದು," ಎಂದಳು ಅಕ್ಕ. "ತೋಟ ಎಲ್ಲೂ ಹೋಗಿಲ್ಲ. ಅಲ್ಲೇ ಐತಿ. ಕಲ್ಲಿನ್ಯಾಗ ಹಂಗಽ ಬರದೈತಿ."

"ಕಲ್ಲಿನ್ಯಾಗ ನಿಮ್ಮ ಹೆಸರ ಐತೇನು ಅತ್ತಿಗಿ? ಯಾರು ಓದ್ಯಾರ?"

"ಯಾರೂ ಓದಿಲ್ಲ. ಅದಕ್ಕಽ ಅದರ ಮುಂದ ಯಾರೂ ಸುಳ್ಳು ಹೇಳಿಲ್ಲ."

ಕಟ್ಟೆಯ ಮೇಲಿದ್ದವರು ನಕ್ಕರು. ಅಕ್ಕನ ಕಡೆಗೆ ಗಾಳಿ ಬೀಸುತ್ತಿದೆ ಎಂದು ನನಗೆ ಗೊತ್ತಾಯಿತು. ಗಾಳಿ ಬೀಸುವಾಗಲೇ ತೂರಿಕೊಳ್ಳಬೇಕು. ನಾನು ಮೈದುನನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ, ಬೀಡಿ ಕೊಟ್ಟು, ಮಾತಿಗೆ ಮಾತು ಎಳೆದು, ಕೊನೆಗೆ ಅರ್ಧ ಪಾಳಿಗೆ ಒಪ್ಪಿಸಿದೆ. ಮುಂಜಾನೆಯಿಂದ ಹೊತ್ತು ನೆತ್ತಿಗೆ ಬರುವತನಕ ಅಕ್ಕನಿಗೆ, ಆಮೇಲೆ ಅವನಿಗೆ. ಅಷ್ಟು ಸಣ್ಣ ತೋಟಕ್ಕೆ ಅರ್ಧ ಪಾಳಿ ಧಾರಾಳ ಸಾಕು.

"ನಿಮ್ಮ ಮುಖ ನೋಡಿ ಹೂಂ ಅಂದೀನ್ರಿ ಬೀಗರ," ಎಂದ. ನಾನು ಗೆದ್ದವನಂತೆ ಹೋಗಿ ಅಕ್ಕನಿಗೆ ಹೇಳಿದೆ.

ಅವಳು ಸೆರಗು ಸರಿಮಾಡಿಕೊಂಡು ನನ್ನನ್ನೇ ನೋಡಿದಳು. "ತಮ್ಮಾ, ಇಲ್ಲಿ ಚೀಲ ಮಾರಾಕ ಬಂದೀಯೇನು?"

"ಅರ್ಧಾ ಬಂತಲ್ಲ ಅಕ್ಕಾ. ಅರ್ಧಾ ಕೈಯಾಗ ಇರ್ತೈತಿ."

"ಅರ್ಧಾ ತಗೊಂಡ್ರ ಕಲ್ಲು ಅರ್ಧಾ ಸುಳ್ಳು ಆದಂಗ. ನಾ ಇಷ್ಟು ವರ್ಷ ಪೂರಾ ಕಲ್ಲಿಗೆ ನೀರು ಹಾಕೀನಿ. ಓದೋರನ್ನ ಕರಕೊಂಡ ಬಾ. ದೈವದ ಮುಂದ ಓದ್ಲಿ."

"ಬ್ಯಾಡ ಅಕ್ಕಾ. ಅದರಾಗ ಏನೈತೋ ಯಾರಿಗೆ ಗೊತ್ತು."

"ನನಗ ಗೊತ್ತೈತಿ," ಎಂದಳು.

ದೈವದ ಹಿರಿಯ ಮುದುಕರೊಬ್ಬರು ಆಗಲಿ ಎಂದು ತಲೆಯಾಡಿಸಿದರು. ಮೈದುನನೂ ಬೀಡಿ ಎಸೆದು, ಓದಿಸಿದರೆ ಓದಿಸಲಿ ಎಂದ. ಅವನಿಗೂ ಒಳಗೇನಿದೆ ಎಂಬುದು ಗೊತ್ತಿರಲಿಲ್ಲ. ಆ ಹೊತ್ತಿನಲ್ಲಿ ಅವನ ಮುಖದ ಮೇಲಿದ್ದ ಅಂಜಿಕೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೊಂದು ದಿನ ಅವನು ಅಂಜಿದ್ದ.

ಕೊಪ್ಪಳದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದವರು ಒಬ್ಬರಿದ್ದರು. ಮೈಸೂರು ಕಡೆಯವರು, ರಜೆಯಲ್ಲಿ ಊರೂರು ತಿರುಗಿ ಇಂಥ ಕಲ್ಲುಗಳನ್ನು ಓದುತ್ತಿದ್ದರು. ಕರೆದ ಕೂಡಲೇ ಬಂದರು. ಜೀಪು ಗವಿಮಠದ ಗುಡ್ಡ ದಾಟುವಾಗ ಕೇಳಿದರು, "ಆ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಅರಸನ ಆಜ್ಞೆ ಇದೆ, ಗೊತ್ತೆ?"

"ಗೊತ್ತೈತ್ರಿ. ಅದರ ನೆರಳಿಗೆ ಕೂತು ಬುತ್ತಿ ಉಂಡೀನಿ."

"ಏನು ಬರೆದಿದೆ ಅಂತ ಕೇಳಲಿಲ್ಲವೇ?"

"ಚೀಲದ ದರ ಬರದಿದ್ರ ಕೇಳತಿದ್ದೆ."

ಅವರು ನಕ್ಕರು. ದಾರಿಯುದ್ದಕ್ಕೂ ಮಾತಾಡಿದರು. ಕಾಯ್ದೆಯನ್ನು ಬರೆದಿಡುವುದು ಎಲ್ಲಿ ಶುರುವಾಯಿತು, ಯಾಕೆ ಶುರುವಾಯಿತು ಎಂದು. ಬ್ಯಾಬಿಲೋನ್ ಎಂಬ ಸೀಮೆ, ಅಲ್ಲೂ ಕಾಲುವೆಯ ನೀರೇ ಜೀವ. ಮೊದಮೊದಲು ಹಸಿಮಣ್ಣಿನ ಹಲಗೆಗಳ ಮೇಲೆ ಕಡ್ಡಿಯಿಂದ ಒತ್ತಿ ಬರೆದರಂತೆ. ಆಮೇಲೆ ಒಬ್ಬ ಅರಸ, ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ, ಕರಿಕಲ್ಲಿನ ಕಂಬದ ಮೇಲೆ ಕಾಯ್ದೆಗಳನ್ನೆಲ್ಲ ಕೆತ್ತಿಸಿದನಂತೆ. ತನ್ನ ಕಾಲುವೆಯ ಒಡ್ಡನ್ನು ನೋಡಿಕೊಳ್ಳದೆ ಪಕ್ಕದವನ ಬೆಳೆ ಮುಳುಗಿಸಿದರೆ ಕಾಳು ತುಂಬಿಕೊಡಬೇಕು. ಬಾಡಿಗೆಗೆ ತಂದ ಎತ್ತನ್ನು ಸಿಂಹ ಕೊಂದರೆ ನಷ್ಟ ಎತ್ತಿನ ಯಜಮಾನನದು. ಕೇಳುತ್ತ ಕೇಳುತ್ತ ನನಗೆ ಆ ಅರಸನ ಮೇಲೆ ಗೌರವ ಬಂತು, ವ್ಯವಹಾರ ಬಲ್ಲವನು ಅನಿಸಿತು.

"ಕಂಬದ ಕೊನೆಯಲ್ಲಿ ಒಂದು ಮಾತಿದೆ," ಎಂದರು. ಅನ್ಯಾಯಕ್ಕೆ ಸಿಕ್ಕವರು ಈ ಕಲ್ಲಿನ ಮುಂದೆ ಬರಲಿ, ಓದಿಸಿ ಕೇಳಲಿ, ತಮ್ಮ ನ್ಯಾಯ ತಿಳಿದು ಮನಸ್ಸು ಹಗುರ ಮಾಡಿಕೊಳ್ಳಲಿ ಎಂದು ಆ ಅರಸ ಹೇಳಿದ್ದಾನಂತೆ.

ಇಷ್ಟು ವರ್ಷಗಳ ಆಚೆಯ ಅರಸ ನನ್ನ ಅಕ್ಕನನ್ನೇ ಕರೆದಂತಿತ್ತು.

"ಹಂಗ ಬಂದು ಓದಿಸಿದವರಿಗೆ ನ್ಯಾಯ ಸಿಕ್ತೇನ್ರಿ?"

ಅವರು ಕಿಟಕಿಯ ಕಡೆ ನೋಡಿದರು. "ಆ ಕಾಲದ ತೀರ್ಪುಗಳು ಬಹಳ ಸಿಕ್ಕಿವೆ. ಅವುಗಳಲ್ಲಿ ಆ ಕಲ್ಲಿನ ಮಾತು ಬರುವುದೇ ಅಪರೂಪ."

ಅಲ್ಲೇ ನಾನು ಜೀಪನ್ನು ತಿರುಗಿಸಬೇಕಿತ್ತು ಎಂದು ಕೆಲವರು ಹೇಳುತ್ತಾರೆ. ತಿರುಗಿಸಿದ್ದರೆ ಅಕ್ಕ ನಡೆದುಕೊಂಡೇ ಹೋಗಿ ಅವರನ್ನು ಕರೆತರುತ್ತಿದ್ದಳು. ಅವಳನ್ನು ಬಲ್ಲವರಿಗೆ ಇದು ಗೊತ್ತು.

ಊರಿಗೆ ಊರೇ ಸೇರಿತ್ತು. ಅಕ್ಕ ತಾನೇ ಕೊಡ ಹೊತ್ತು ತಂದು ತೆಂಗಿನ ನಾರಿನಿಂದ ಕಲ್ಲು ತಿಕ್ಕಿದಳು. ವರ್ಷಗಟ್ಟಲೆ ತಾನೇ ಇಟ್ಟಿದ್ದ ಕುಂಕುಮ ತೊಳೆದುಹೋಗಿ ಅವಳ ಕಾಲ ಬಳಿ ಕೆಂಪಗೆ ಹರಿಯಿತು. ಮೇಷ್ಟ್ರು ಒದ್ದೆ ಕಾಗದ ಅಂಟಿಸಿ, ಬ್ರಷಿನಿಂದ ಬಡಿದು, ಮಸಿ ಒತ್ತಿದರು. ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಬೆರಳಿಟ್ಟು ಓದತೊಡಗಿದರು.

ಬಹಳ ಹೊತ್ತು ಅರಸನ ಬಿರುದುಗಳೇ ನಡೆದವು.

"ನೀರಿನ ಮಾತು ಬಂತೇನ್ರಿ ಮಾಸ್ತರ?" ಎಂದರು ಹಿರಿಯ ಮುದುಕರು.

"ಇನ್ನೂ ಇಲ್ಲ. ಅರಸರನ್ನು ಹೊಗಳುತ್ತಿದ್ದಾರೆ."

"ಆಗಲೂ ಭಾಷಣಾ ಉದ್ದ ಇತ್ತು ಅನ್ರಿ."

ಜನ ನಕ್ಕರು. ಅಕ್ಕ ನಗಲಿಲ್ಲ. ಕೈಮುಗಿದು ನಿಂತಿದ್ದಳು.

ಆಮೇಲೆ ಗುಡಿಗೆ ಬಿಟ್ಟ ತೋಟ ಬಂತು, ಅದರ ನಾಲ್ಕು ಮೇರೆ ಬಂತು, ದೀಪಕ್ಕೆ ಎಣ್ಣೆ ಬಂತು. ಅಕ್ಕನ ಕಣ್ಣು ಅರಳಿದ್ದು ನನಗೆ ಕಂಡಿತು. ತೋಟ ಬಂದಿತಲ್ಲ, ಇನ್ನು ನೀರು ಬರುತ್ತದೆ. ಮೇಷ್ಟ್ರು ಮುಂದಿನ ಸಾಲಿಗೆ ಬೆರಳಿಟ್ಟು ನಿಂತರು. ಎರಡು ಸಲ ಮನಸ್ಸಿನಲ್ಲೇ ಓದಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು. ಆಮೇಲೆ ಓದಿದರು. ಗಂಡುಮಕ್ಕಳಿಲ್ಲದೆ ಸತ್ತವರ ಸೊತ್ತು ದೇವರಿಗೆ ಸಲ್ಲತಕ್ಕದ್ದು. ಅದರ ಕೆಳಗೆ ಶಾಪ: ಇದನ್ನು ಕೆಡಿಸಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾರೆ. ಅಲ್ಲಿಗೆ ಕಲ್ಲು ಮುಗಿಯಿತು. ನೀರಿನ ಪಾಳಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಮೇಷ್ಟ್ರೇ ಗಡಿಬಿಡಿಯಲ್ಲಿ ಹೇಳಿದರು, "ನೋಡಿ, ಇದು ಒಂಬೈನೂರು ವರ್ಷ ಹಿಂದಿನ ಶಾಸನ..."

ಹಿರಿಯ ಮುದುಕರು ಅಲ್ಲೇ ಹಿಡಿದರು. "ಶಾಸನ ಅಂದ್ರ ಕಾಯ್ದೆನಽ ಅಲ್ಲೇನ್ರಿ? ಬೆಂಗಳೂರಾಗ ಶಾಸನಸಭಾ ಅಂತಾರಲ್ಲ, ಅಲ್ಲಿ ಮಾಡೋದು?"

"ಪದದ ಅರ್ಥ ಹೌದು. ಆದರೆ..."

ಆ 'ಆದರೆ'ಯ ಮುಂದಿನದನ್ನು ಕೇಳಿಸಿಕೊಂಡವನು ನಾನೊಬ್ಬನೇ ಇರಬೇಕು. ಇದು ಹಳೆಯ ಕಾಲದ್ದು, ಈಗಿನ ಕಾಯ್ದೆ ಬೇರೆ, ಹೆಂಡತಿಗೆ ಹಕ್ಕಿದೆ ಎಂದು ಅವರು ಹೇಳುತ್ತಲೇ ಇದ್ದರು. ಅಷ್ಟರಲ್ಲಿ ಕಟ್ಟೆಯ ಮೇಲೆ "ಶಾಸನ, ಶಾಸನ" ಎಂದು ಬಾಯಿಂದ ಬಾಯಿಗೆ ಹೋಗಿಯಾಗಿತ್ತು. ಮುಂಜಾನೆಯತನಕ ಬರದ ಕಲ್ಲಾಗಿದ್ದದ್ದು ಮಧ್ಯಾಹ್ನದ ಹೊತ್ತಿಗೆ ಸರ್ಕಾರದ ಕಾಯ್ದೆಯಾಗಿತ್ತು. ಕಲ್ಲಿಗೂ ಕಾಯ್ದೆಗೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು. ಆ ಒಂದು ಹೆಸರಿನಲ್ಲಿ ಅಕ್ಕ ಸಿಕ್ಕಿಬಿದ್ದಳು.

ಮೈದುನ ಕೂಡಲೇ ಮುಂದೆ ಬರಲಿಲ್ಲ. ಅವನೂ ವ್ಯವಹಾರ ಬಲ್ಲವನೇ. ಸ್ವಲ್ಪ ಹೊತ್ತು ಬಿಟ್ಟು ತಲೆ ತಗ್ಗಿಸಿಕೊಂಡು ಹೇಳಿದ, "ನಾ ಪಾಳಿ ಅಷ್ಟಽ ಕೇಳಿದ್ದೆ. ತೋಟ ಕೇಳಿದ್ದಿಲ್ಲ. ಕಲ್ಲು ಕೊಟ್ಟೈತಿ. ನಂಗಂತೂ ಬ್ಯಾಡ, ದೇವರಿಗೆ ಹೋಗ್ಲಿ. ದೈವ ಹೆಂಗ ಹೇಳ್ತೈತೋ ಹಂಗ."

ಕಲ್ಲಿನೊಳಗಿನ ದೇವರು, ಕಟ್ಟೆಯ ಮೇಲಿನ ದೈವ, ದೇವರ ಹೊಲ ಉಳುವ ಮೈದುನ, ಮೂವರೂ ಒಂದೇ ಕಡೆಯಾದರು.

ಮೇಷ್ಟ್ರು ಊಟ ಅರ್ಧಕ್ಕೆ ಬಿಟ್ಟು ಎದ್ದರು. ಜೀಪಿನ ಹತ್ತಿರ ನನ್ನ ಕೈ ಹಿಡಿದು, "ಆ ಸಾಲು ಬಿಟ್ಟು ಓದಬಹುದಿತ್ತೇ ನಾನು?" ಎಂದರು.

"ಬಿಡಬಹುದಿತ್ರಿ. ಯಾರಿಗೆ ತಿಳೀತಿತ್ತು?"

"ಬಿಟ್ಟಿದ್ದರೆ ಅದು ಓದಿದಂತಾಗುತ್ತಿರಲಿಲ್ಲ."

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು, ಹೊರೆ ಇಳಿಸಲು ಒಂದು ಜಾಗ ಸಿಗುತ್ತಿತ್ತು.

ಮರುದಿನವೇ ಅಕ್ಕನನ್ನು ಯಲಬುರ್ಗಾದ ವಕೀಲರ ಹತ್ತಿರ ಕರೆದೊಯ್ದೆ. ವಕೀಲರು ಕೇಳಿ ನಕ್ಕುಬಿಟ್ಟರು. "ಇದಕ್ಕೇನು ಅಂಜತೀರಿ? ಐವತ್ತಾರರ ಕಾಯ್ದೆ ಐತಿ. ಗಂಡನ ಆಸ್ತಿ ಹೆಂಡ್ತಿಗಽ. ಆ ಕಲ್ಲು ತಂದು ಕೋರ್ಟಿನ ಮುಂದ ಇಟ್ರೂ ನಡಿಯಂಗಿಲ್ಲ. ಸಹಿ ಮಾಡ್ರಿ ಅವ್ವಾ, ದಾವೆ ಹಾಕೋಣು."

ಅಕ್ಕ ಸಹಿ ಮಾಡಲಿಲ್ಲ. ಹೊರಗೆ ಬಂದು ಬೇವಿನ ಮರದ ಕೆಳಗೆ ಕುಳಿತಳು. ಕೋರ್ಟಿನ ಅಂಜಿಕೆಯೇ ಎಂದು ಕೇಳಿದೆ. ಅಲ್ಲ ಎಂದಳು. ಖರ್ಚು ನನ್ನದು ಎಂದೆ. ಅದಕ್ಕೂ ಅಲ್ಲ.

"ಓದಸ್ರಿ ಅಂದಾಕಿ ನಾನು. ಓದ್ಯಾರ. ನನ್ನ ಕಡೆ ಹೇಳಿದ್ರ ಕಲ್ಲು ಖರೇ, ನನ್ನ ವಿರುದ್ಧ ಹೇಳಿದ್ರ ಸುಳ್ಳು ಅನ್ನಲೇನು? ಈಗ ಬ್ಯಾರೆ ಕಲ್ಲು ಹುಡುಕ್ಕೊಂಡು ಹೋಗಲೇನು ತಮ್ಮಾ?"

ಇಡೀ ಬದುಕಿನಲ್ಲಿ ನಾನು ಸೋತ ವಾದ ಅದೊಂದೇ. ಮೋಸ ಮಾಡುವವರ ಜೊತೆ ಚೌಕಾಸಿ ಮಾಡಬಹುದು. ಮಾತಿಗೆ ಕಟ್ಟುಬಿದ್ದವರ ಜೊತೆ ಆಗುವುದಿಲ್ಲ.

ತೋಟ ಬಿಟ್ಟು ಅಕ್ಕ ಗಂಗಾವತಿಗೆ ನನ್ನ ಮನೆಗೆ ಬಂದಳು. ಯಾರೂ ಹೇಳದೆ ದಬ್ಬಳ, ಸುತಲಿ ತೆಗೆದುಕೊಂಡು ಹರಿದ ಚೀಲ ಹೊಲಿಯಲು ಕುಳಿತಳು. ಬೇಡ ಎಂದರೆ ಕೇಳಲಿಲ್ಲ. ಅವಳ ಹೊಲಿಗೆ ಬಿಗಿ, ಗಿರಣಿಯವರು ಆ ಚೀಲಗಳನ್ನೇ ಕೇಳಿ ಒಯ್ಯುತ್ತಿದ್ದರು. ಬೇಸ್ತವಾರ ಮಾತ್ರ ಮುಂಜಾನೆ ಎದ್ದು ತಂಬಿಗೆಯಲ್ಲಿ ನೀರು ತುಂಬಿಕೊಂಡು ಅಂಗಳಕ್ಕೆ ಬಂದು ನಿಲ್ಲುವಳು. ನಿಂತು, ಎಲ್ಲಿಗೆ ಹಾಕಬೇಕೆಂದು ತಿಳಿಯದವಳಂತೆ ಅತ್ತಿತ್ತ ನೋಡಿ, ತುಳಸಿಗೂ ಹಾಕದೆ, ಮತ್ತೆ ಕೊಡಕ್ಕೇ ಸುರಿಯುವಳು. ಕೆಲವು ತಿಂಗಳಾದ ಮೇಲೆ ಅದೂ ನಿಂತಿತು.

ಎಂಬತ್ತರ ದಶಕದ ಮಧ್ಯದಲ್ಲಿ ಒಂದು ಮದುವೆಗೆಂದು ನಾನು ಆ ಊರಿಗೆ ಹೋಗಬೇಕಾಯಿತು. ಅಕ್ಕನ ತೋಟದಲ್ಲಿ ಪಂಪಸೆಟ್ ಓಡುತ್ತಿತ್ತು. ಪಾಳಿಯ ಮಾತೇ ಯಾರಿಗೂ ಬೇಕಿರಲಿಲ್ಲ. ಕಲ್ಲಿಗೆ ಕುಂಕುಮವಿರಲಿಲ್ಲ. ಓದಿಸಿದ ಮೇಲೆ ಅದನ್ನು ಮುಟ್ಟಿ ಆಣೆ ಮಾಡುವುದೂ ನಿಂತುಹೋಗಿತ್ತು. ಒಳಗೇನಿದೆ ಎಂಬುದು ಗೊತ್ತಾಯಿತಲ್ಲ, ಇನ್ನು ಅಂಜುವುದೇಕೆ. ಯಾರದೋ ಎಮ್ಮೆ ಕಟ್ಟಿದ್ದರು. ಎಮ್ಮೆ ಮೈ ತಿಕ್ಕಿ ತಿಕ್ಕಿ ಆಕಳು ಕರುವಿನ ಚಿತ್ರ ನುಣ್ಣಗಾಗಿತ್ತು.

ಆ ವರ್ಷವೇ ಊರಿನಲ್ಲಿ ಇನ್ನೊಬ್ಬ ಅನುಕೂಲಸ್ಥ ತೀರಿಕೊಂಡಿದ್ದ. ಅವನಿಗೂ ಮಕ್ಕಳಿಲ್ಲ. ಅವನ ಹೆಂಡತಿ ಅವನ ಹೊಲದಲ್ಲೇ ಆಳು ಇಟ್ಟು ಕೆಲಸ ಮಾಡಿಸುತ್ತಿದ್ದಳು. ಅವಳ ತವರಿನವರು ಬಲಾಢ್ಯರು. ಊಟದ ಪಂಕ್ತಿಯಲ್ಲಿ ಅಕ್ಕನ ಮೈದುನ ನನ್ನ ಪಕ್ಕದಲ್ಲೇ ಕುಳಿತ. ಕೂದಲು ಬೆಳ್ಳಗಾಗಿತ್ತು, ನಗು ಹಾಗೇ ಇತ್ತು. ಕೇಳದೆ ಇರಲಾಗಲಿಲ್ಲ.

"ಆಕಿ ಹೊಲ ದೇವರಿಗೆ ಹೋಗ್ಲಿಲ್ಲೇನ್ರಿ? ಕಲ್ಲಿನ್ಯಾಗ ಐತೆಲ್ಲ."

"ಬಿಡ್ರಿ ಬೀಗರ, ಅದು ಯಾವ ಕಾಲದ್ದೋ ಏನೋ," ಎಂದ ಹೋಳಿಗೆ ಮುರಿಯುತ್ತ. "ಈಗ ಕಾಯ್ದೆ ಐತಿ. ಹೆಂಡ್ತಿ ಇದ್ರ ಹೆಂಡ್ತಿಗಽ ಬರ್ತೈತಿ. ನೀವು ಪ್ಯಾಟಿಯವರು, ನಿಮಗ ಗೊತ್ತಿಲ್ಲೇನು?"

ಕುಹಕದಿಂದ ಹೇಳಿದ್ದಲ್ಲ ಅದು. ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಅದನ್ನೇ ನಾನು ಇವತ್ತಿಗೂ ನುಂಗಲಾರೆ. ಅವನು ಸುಳ್ಳು ಹೇಳಿದ್ದರೆ ಹೊಡೆದಾಡಬಹುದಿತ್ತು.

ಮನೆಗೆ ಬಂದು ಅಕ್ಕನಿಗೆ ಹೇಳಬಾರದು ಎಂದುಕೊಂಡೆ. ಅವಳೇ ಊರ ಸುದ್ದಿ ಕೇಳಿದಳು, ಹೇಳಿಬಿಟ್ಟೆ. ಚೀಲದಿಂದ ಕಣ್ಣೆತ್ತದೆ ಕೇಳಿದಳು, "ಆಕಿಗೆ ಹೊಲ ಉಳೀತಾ?"

"ಉಳೀತು."

"ಛಲೋ ಆತು," ಎಂದಳು. ದಬ್ಬಳವನ್ನು ಚೀಲಕ್ಕೆ ಚುಚ್ಚಿ ಎಳೆದಳು, ಇನ್ನೊಮ್ಮೆ ಚುಚ್ಚಿದಳು. ಆಮೇಲೆ ಎಷ್ಟೋ ಹೊತ್ತು ಎಳೆಯಲಿಲ್ಲ. ಮುಂದಿನ ಚಳಿಗಾಲದಲ್ಲಿ ಅಕ್ಕ ಹೋದಳು. ಕೊನೆಯತನಕ ಅವಳು ಆ ಕಲ್ಲನ್ನು ಬೈದದ್ದನ್ನು ನಾನು ಕೇಳಲಿಲ್ಲ.

ಓದುವವರೇ, ನಿಮ್ಮ ಮನೆಯಲ್ಲಿ ಗಂಡ ಕಳೆದುಕೊಂಡ ಅಕ್ಕನೋ ತಂಗಿಯೋ ಇದ್ದರೆ ಒಂದು ಕೆಲಸ ಮಾಡಿ. ವಿಧಿಗಳು ಮುಗಿಯಲಿ ಎಂದು ಕಾಯಬೇಡಿ, ಗ್ರಾಮ ಲೆಕ್ಕಿಗರ ಹತ್ತಿರ ಹೋಗಿ ಪಹಣಿಯಲ್ಲಿ ಅವಳ ಹೆಸರು ಏರಿಸಿ. ನೆಂಟರು ಏನೆಂದುಕೊಂಡಾರು ಎಂದು ನೋಡಬೇಡಿ, ಅವರು ಹೇಗೂ ಅಂದುಕೊಳ್ಳುತ್ತಾರೆ. ಬಾಯಿಮಾತಿನ ಪಾಲು ಕೊಟ್ಟ ಹಿರಿಯರು ಇನ್ನೂ ಬದುಕಿದ್ದರೆ ಈ ವಾರವೇ ಬರೆಸಿಕೊಳ್ಳಿ. ಅರ್ಧ ಬರುತ್ತದೆ ಎಂದಾಗ, ಅರ್ಧ ಕೈಗೆ ತೆಗೆದುಕೊಂಡ ಮೇಲೆ ಉಳಿದರ್ಧಕ್ಕೆ ವಾದ ಮಾಡಿ. ಹಳೆಯ ಕಲ್ಲಾಗಲಿ, ತಾತನ ಕಾಗದವಾಗಲಿ, ಊರ ಮುಂದೆ ಓದಿಸುವ ಮೊದಲು ಓದಬಲ್ಲವರನ್ನು ಒಮ್ಮೆ ಗುಟ್ಟಾಗಿ ಕರೆದೊಯ್ದು, ನೀವೊಬ್ಬರೇ ಕೇಳಿಸಿಕೊಳ್ಳಿ. ಜೀಪಿನ ಬಾಡಿಗೆ ಎರಡು ಸಲ ಬೀಳುತ್ತದೆ, ಬೀಳಲಿ. ಇಷ್ಟೆಲ್ಲ ಮಾಡಿದರೂ ಉಳಿಯುತ್ತದೆ ಎಂದು ನಾನು ಖಾತ್ರಿ ಕೊಡಲಾರೆ. ಆದರೂ ಪಹಣಿಯ ನಕಲನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡುತ್ತಿರಿ.